ಚೀಲ ಕಳೆಯದ ಬಿಲ್ಲು ಮತ್ತು ಕಸ್ಟಮ್ ಟೈಪ್

ನಿಮ್ಮ ಪ್ರಶ್ನೆ ಇಷ್ಟು: ಟೀಮಿನ ಸೀನಿಯರ್ ಒಬ್ಬರು ಫೋನ್ ನಂಬರ್, ಇಮೇಲ್, ಬೆಲೆ, ಗ್ರಾಹಕರ ಐಡಿ ಎಲ್ಲದಕ್ಕೂ ಬೇರೆ ಬೇರೆ ಟೈಪ್ ಮಾಡಿ ಅನ್ನುತ್ತಾರೆ, ಅಂದರೆ ಒಂದರ ಜಾಗದಲ್ಲಿ ಇನ್ನೊಂದು ಬರದ ಹಾಗೆ ಕೋಡಿನಲ್ಲಿ ಪ್ರತಿಯೊಂದಕ್ಕೂ ಅದರದೇ ಜಾತಿ. ನಿಮಗೆ ಭಾಷೆಯಲ್ಲೇ ಇರುವ ಸ್ಟ್ರಿಂಗ್ (ಅಕ್ಷರಗಳ ಸಾಲು), ನಂಬರ್ ಇದ್ದರೆ ಸಾಕು, ಕೋಡ್ ಸುಮ್ನೆ ಉದ್ದ ಆಗುತ್ತದೆ ಅನ್ನಿಸುತ್ತದೆ. ಯಾರು ಸರಿ?

ನಾನು ಶಿರಸಿಯಲ್ಲಿ ಕೂತು ಅಡಿಕೆ ವ್ಯಾಪಾರದ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವನು. ಟೈಪ್ ಮಾಡದೆಯೂ ಕೆಟ್ಟಿದ್ದೇನೆ, ವಿಪರೀತ ಮಾಡಿಯೂ ಕೆಟ್ಟಿದ್ದೇನೆ. ಎರಡನ್ನೂ ಹೇಳುತ್ತೇನೆ.

ಮೊದಲ ವರ್ಷ ನನ್ನ ಕೋಡ್‌ನಲ್ಲಿ ತೂಕ, ದರ, ಮೊತ್ತ ಎಲ್ಲವೂ ಬರೀ ನಂಬರ್. ನಮ್ಮ ಕಡೆ ಅಡಿಕೆ ದರ ಹೇಳುವುದು ಕ್ವಿಂಟಲ್‌ಗೆ. ಕಾಳುಮೆಣಸಿನ ಮಾತು ಬಂದರೆ ಬಾಯಿಗೆ ಬರುವುದು ಕೆಜಿ ಲೆಕ್ಕ. ಒಂದು ದಿನ ಕೌಂಟರಿನಲ್ಲಿ ಮೆಣಸಿಗೆ ಕೆಜಿ ದರ ಹೊಡೆದರು. ನನ್ನ ಪ್ರೋಗ್ರಾಮ್ ಅದನ್ನು ಕ್ವಿಂಟಲ್ ದರ ಅಂದುಕೊಂಡಿತು. 40 ಕೆಜಿ ಮೆಣಸಿಗೆ 20,000 ರೂಪಾಯಿ ಬರಬೇಕಿತ್ತು, ಬಿಲ್ಲಿನಲ್ಲಿ ಬಂದದ್ದು 200. ರೈತರು ಬಿಲ್ಲು ನೋಡಿ, ‘ಇದರಲ್ಲಿ ಆಟೋ ಬಾಡಿಗೆನೂ ಹುಟ್ಟೋದಿಲ್ಲ’ ಅಂತ ನಕ್ಕರು. ಐದು ನಿಮಿಷದಲ್ಲಿ ಸರಿಯಾಯಿತು.

ಎರಡನೆಯ ತಪ್ಪು ಹೀಗೆ ಕೂಗಿ ಹೇಳಲಿಲ್ಲ.

ಅಡಿಕೆಯನ್ನು ಚೀಲದ ಸಮೇತ ತೂಗುತ್ತಾರೆ. ಆಮೇಲೆ ಚೀಲದ ತೂಕ ಕಳೆಯುತ್ತಾರೆ. ನನ್ನ ಪ್ರೋಗ್ರಾಮ್ ಬಳಸುತ್ತಿದ್ದ ಅಂಗಡಿಯಲ್ಲಿ ಚೀಲಕ್ಕೆ ಒಂದು ಕೆಜಿ ಕಳೆಯುವ ಪದ್ಧತಿ ಇತ್ತು. ನಾನು ಹೊಸದಾಗಿ ಒಂದು ಸ್ಕ್ರೀನ್ ಬರೆದೆ. ಅದರಲ್ಲಿ ಬಿಲ್ಲಿನ ಲೆಕ್ಕ ಮಾಡುವ ಫಂಕ್ಷನ್‌ಗೆ ನಿವ್ವಳ ತೂಕದ ಬದಲು ಒಟ್ಟು ತೂಕವನ್ನೇ ಕೊಟ್ಟುಬಿಟ್ಟೆ. ಲೆಕ್ಕ ನೋಡಿ. ಎಂಟು ಚೀಲ, ಒಟ್ಟು 520 ಕೆಜಿ, ದರ ಕ್ವಿಂಟಲ್‌ಗೆ 45,000 ಅಂತಿಟ್ಟುಕೊಳ್ಳಿ. ಸರಿಯಾದ ಮೊತ್ತ 2,30,400. ನನ್ನ ಬಿಲ್ಲು ಹೇಳಿದ್ದು 2,34,000. ಯಾರ ಕಣ್ಣಿಗೆ ಬೀಳುತ್ತದೆ ಇದು? ಮೂರು ವಾರ ಹೀಗೇ ಹೋಯಿತು. ಅಂಗಡಿಯ ಹಳೆಯ ರೈಟರು ಗೋದಾಮಿನ ತೂಕಕ್ಕೂ ಬಿಲ್ಲುಗಳಿಗೂ ತಾಳೆ ನೋಡುತ್ತಿದ್ದವರು ಕನ್ನಡಕ ಹಣೆಗೇರಿಸಿ, ‘ತಮಾ, ಚೀಲ ಕಳದ್ದೇ ಇಲ್ಲೆ ಅಲ್ದಾ!’ ಅಂದರು. ರೈತರಿಗೆ ಹೆಚ್ಚಾಗಿ ಕೊಟ್ಟ ಹಣದಲ್ಲಿ ಸ್ವಲ್ಪ ಮುಂದಿನ ಮಾಲಿನಲ್ಲಿ ಹೊಂದಿಸಿಕೊಂಡರು. ಉಳಿದದ್ದು ಹೋಯಿತು. ಮಾಲೀಕರು ನನಗೆ ಏನೂ ಅನ್ನಲಿಲ್ಲ, ಬೈದಿದ್ದರೇ ಹಗುರ ಆಗುತ್ತಿತ್ತು.

ಒಂದು ವಿಷಯ ಗಮನಿಸಿ. ಇಲ್ಲಿ ‘ಕೆಜಿ’ ಅಂತ ಒಂದು ಟೈಪ್ ಮಾಡಿದ್ದರೂ ಏನೂ ಪ್ರಯೋಜನ ಇರಲಿಲ್ಲ. ಎರಡೂ ಕೆಜಿಯೇ. ಬೇಕಿದ್ದದ್ದು ‘ಒಟ್ಟು ತೂಕ’ ಒಂದು ಟೈಪ್, ‘ನಿವ್ವಳ ತೂಕ’ ಇನ್ನೊಂದು ಟೈಪ್. ಈಗ ನನ್ನ ಕೋಡ್‌ನಲ್ಲಿ ನಿವ್ವಳ ತೂಕ ಹುಟ್ಟುವುದಕ್ಕೆ ಇರುವುದು ಒಂದೇ ದಾರಿ: ಒಟ್ಟು ತೂಕ ಮತ್ತು ಚೀಲದ ಸಂಖ್ಯೆ ಕೊಡಬೇಕು, ಆ ಫಂಕ್ಷನ್ ಕಳೆದು ಕೊಡುತ್ತದೆ. ಬಿಲ್ಲಿನ ಫಂಕ್ಷನ್ ನಿವ್ವಳ ತೂಕ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಟೈಪಿನ ಹೆಸರು ಏನಾದರೂ ಇರಲಿ. ಅದು ಎಲ್ಲೆಲ್ಲೋ ಹುಟ್ಟಲು ಬಿಡದೇ ಇರುವುದರಲ್ಲೇ ಮುಕ್ಕಾಲು ಲಾಭ ಇದೆ.

ಹಾಗಾಗಿ ಎಲ್ಲಿ ಟೈಪ್ ಮಾಡಬೇಕು ಅಂತ ನಾನು ನೋಡುವುದು ಇಷ್ಟನ್ನೇ: ಇಲ್ಲಿ ತಪ್ಪು ಅಂಕಿ ಬಂದು ಕೂತರೆ ಅದು ಸರಿಯಾದದ್ದರ ಹಾಗೇ ಕಾಣುತ್ತದಾ? ಕಾಣುತ್ತದೆ ಅಂದರೆ ಟೈಪ್ ಮಾಡಿ. ತಪ್ಪಾದ ತಕ್ಷಣ ಎಲ್ಲರಿಗೂ ಗೊತ್ತಾಗುವ ಹಾಗಿದ್ದರೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ.

ಈ ಪಾಠ ಕಲಿತ ಮೇಲೆ ನಾನು ಇನ್ನೊಂದು ಕಡೆಗೆ ವಾಲಿದೆ. ರೈತರ ಹೆಸರಿಗೆ ಟೈಪ್, ಊರಿಗೆ ಟೈಪ್, ಚೀಲದ ಗುರುತಿಗೆ ಟೈಪ್. ಕೊನೆಗೆ ‘ಷರಾ’ ಅನ್ನುವ ಕಾಲಂಗೂ ಒಂದು ಟೈಪ್! ಷರಾದಲ್ಲಿ ಜನ ಬರೆಯುವುದು ‘ನಾಳೆ ಬರುತ್ತಾರೆ’ ಅಂತ. ಅದಕ್ಕೇನು ಕಾವಲು?

ಖರ್ಚು ಆಗ ಗೊತ್ತಾಯಿತು. ನಾನು ಬಳಸುವ ಭಾಷೆ ಟೈಪ್‌ಸ್ಕ್ರಿಪ್ಟ್. ಅದರಲ್ಲಿ ನಂಬರ್‌ಗೆ ಇನ್ನೊಂದು ಹೆಸರು ಕೊಟ್ಟರೆ ಅದು ಬರೀ ಅಡ್ಡಹೆಸರು. ‘ಕೆಜಿ’ ಕೇಳಿದ ಕಡೆ ‘ರೂಪಾಯಿ’ ಕೊಟ್ಟರೂ ಕೋಡ್ ಪರೀಕ್ಷಿಸುವ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ನಿಜವಾಗಿ ಬೇರೆ ಮಾಡಬೇಕು ಅಂದರೆ ಬ್ರ್ಯಾಂಡಿಂಗ್ ಅನ್ನುವ ಉಪಾಯ ಮಾಡಬೇಕು, ಅಂದರೆ ಟೈಪಿಗೆ ಒಂದು ಸುಳ್ಳು ಗುರುತು ಅಂಟಿಸಬೇಕು. ಸರಿ, ಅಂಟಿಸಿದೆ. ಆದರೆ ಅಂಥ ಎರಡು ತೂಕಗಳನ್ನು ಕೂಡಿಸಿದರೆ ಬರುವುದು ಮತ್ತೆ ಬರೀ ನಂಬರ್. ಪ್ರತಿ ಸಲ ಮತ್ತೆ ಗುರುತು ಅಂಟಿಸಬೇಕು. ಡೇಟಾಬೇಸಿನಿಂದ ಓದುವಾಗ ಕಟ್ಟು, ರಿಪೋರ್ಟಿಗೆ ಕೊಡುವಾಗ ಬಿಚ್ಚು. ಹೊಸದಾಗಿ ಸೇರಿದ ಹುಡುಗ ಒಂದು ವಾರ ಆದಮೇಲೆ ಕೇಳಿದ: ‘ಸರ್, ಊರಿನ ಹೆಸರಲ್ಲಿ ಹುಡುಕಬೇಕು ಅಂದ್ರೆ ಮೊದಲು ಎಷ್ಟು ಗಂಟು ಬಿಚ್ಚಬೇಕು?’

ಗಂಟು ಬಿಚ್ಚುವುದಾದರೂ ಬರೀ ಸಮಯದ ಖರ್ಚು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೇಸತ್ತ ಹುಡುಗ ಕಂಪೈಲರ್ ತಕರಾರು ಮಾಡಿದಲ್ಲೆಲ್ಲ ‘ಎನಿ’ (ಏನು ಬಂದರೂ ಸರಿ ಅನ್ನುವ ಟೈಪ್) ಹಾಕಿ ಬಾಯಿ ಮುಚ್ಚಿಸಲು ಶುರು ಮಾಡಿದ. ಷರಾಕ್ಕೆ ಹಾಗೆ ಮಾಡಿದ್ದರೆ ಹೋಗಲಿ ಅನ್ನಬಹುದು. ಅದೇ ಕೈ ಒಂದು ದಿನ ನಿವ್ವಳ ತೂಕಕ್ಕೂ ಹಾಕಿತು. ಬೇಡದ ಟೈಪ್ ಜಾಸ್ತಿ ಆದರೆ ಬೇಕಾದ ಟೈಪಿನ ಮರ್ಯಾದೆ ಹೋಗುತ್ತದೆ. ನಾನು ಕೂತು ಮೂವತ್ತಕ್ಕೂ ಹೆಚ್ಚು ಟೈಪ್ ಅಳಿಸಿದೆ. ಯಾವ ಬಿಲ್ಲೂ ಕೆಡಲಿಲ್ಲ.

ಈ ಖರ್ಚು ಎಲ್ಲ ಭಾಷೆಯಲ್ಲೂ ಒಂದೇ ಅಲ್ಲ. ರಸ್ಟ್‌ನಲ್ಲಿ ಒಂದೇ ಅಂಕಿಯನ್ನು ಸುತ್ತಿಡುವ ಸ್ಟ್ರಕ್ಟ್ ಅನ್ನುವ ಟೈಪ್ ಮಾಡಿದರೆ ಪ್ರೋಗ್ರಾಮ್ ಓಡುವಾಗ ಸಾಮಾನ್ಯವಾಗಿ ಹೆಚ್ಚಿನ ಭಾರ ಬೀಳುವುದಿಲ್ಲ. ಪೈಥಾನಿನಲ್ಲಿ ಹೊಸ ಟೈಪ್ ಮಾಡುವ ನ್ಯೂಟೈಪ್ ಅನ್ನು ನೋಡುವುದು ಮೈಪೈ ತರಹದ, ಕೋಡನ್ನು ಓಡಿಸದೆ ಪರೀಕ್ಷಿಸುವ ಚೆಕರ್ ಮಾತ್ರ, ಓಡುವಾಗ ಯಾರೂ ತಡೆಯುವುದಿಲ್ಲ. ಗೋ ಭಾಷೆಯಲ್ಲಿ ನಿಜವಾಗಿಯೂ ಬೇರೆ ಟೈಪ್ ಆಗುತ್ತದೆ, ಆದರೆ ಕೆಜಿಯನ್ನು ಕೆಜಿಯಿಂದ ಗುಣಿಸಿದರೂ ಕೆಜಿಯೇ ಬರುತ್ತದೆ! ಆ ವಿಷಯದಲ್ಲಿ ಎಫ್ ಶಾರ್ಪ್ ಜಾಣ. ಅದರಲ್ಲಿ ಅಳತೆಯ ಮಾನಗಳು ಭಾಷೆಯಲ್ಲೇ ಇವೆ, ಗುಣಾಕಾರ ಭಾಗಾಕಾರ ಮಾಡಿದಾಗ ಮಾನವೂ ಜೊತೆಗೇ ಬದಲಾಗುತ್ತದೆ. ನೀವು ಯಾವ ಭಾಷೆ ಅಂತ ಬರೆದಿಲ್ಲ. ನಿಮ್ಮ ಸೀನಿಯರ್ ರಸ್ಟ್‌ನಿಂದ ಬಂದವರಾಗಿದ್ದರೆ ಅವರ ಹಟ ಎಲ್ಲಿಂದ ಬಂತು ಅಂತ ಊಹಿಸಬಹುದು.

ಟೈಪ್ ಬೇಕು ಅನ್ನುವವರು ಮಂಗಳನ ಕಥೆ ಹೇಳಿಯೇ ಹೇಳುತ್ತಾರೆ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನಷ್ಟವಾಯಿತು. ನೆಲದ ಮೇಲಿನ ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡ್‌ನಲ್ಲಿ ಎಂಜಿನ್ನಿನ ನೂಕಿನ ಅಂಕಿ ಕೊಟ್ಟಿತ್ತು, ಓದುವ ಕಡೆ ಅದನ್ನು ನ್ಯೂಟನ್ ಸೆಕೆಂಡ್ ಅಂತ ತಿಳಿದುಕೊಂಡಿದ್ದರು. ಸುಮಾರು 4.45 ಪಟ್ಟು ವ್ಯತ್ಯಾಸ. ನನ್ನ ಚೀಲದ ಹಾಗೇ ಅದೂ ಸದ್ದಿಲ್ಲದ ತಪ್ಪು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಕೂಡಿಕೊಂಡು ಬಂತು. ಆದರೆ ಆ ಕಥೆ ಹೇಳುವವರು ಒಂದನ್ನು ಬಿಟ್ಟುಬಿಡುತ್ತಾರೆ. ಆ ಅಂಕಿಗಳು ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಹೋದದ್ದು ಫೈಲಿನಲ್ಲಿ. ಫೈಲಿನೊಳಗೆ ಟೈಪ್ ಇರುವುದಿಲ್ಲ, ಅಂಕಿ ಮಾತ್ರ ಇರುತ್ತದೆ. ಎರಡೂ ಕಡೆ ಎಷ್ಟೇ ಚೆಂದದ ಟೈಪ್ ಇದ್ದರೂ ಮಧ್ಯದ ಫೈಲಿನಲ್ಲಿ ಮಾನ ಬರೆಯದಿದ್ದರೆ ಗತಿ ಅದೇ.

ನನ್ನಲ್ಲೂ ಅದೇ ಪಾಡು. ತಕ್ಕಡಿಯಿಂದ ಕೇಬಲ್ಲಿನಲ್ಲಿ ಬರುವುದು ‘65.2’ ಅನ್ನುವ ಅಕ್ಷರಗಳು. ಅದು ಯಾವ ತೂಕ ಅಂತ ತೀರ್ಮಾನ ಆಗಬೇಕಾದದ್ದು ಅಲ್ಲೇ, ಬಾಗಿಲಲ್ಲೇ. ಒಳಗೆ ಬಂದ ಮೇಲೆ ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ ಕೂತರೆ ಟೈಪ್ ಇದ್ದೂ ಇಲ್ಲದ ಹಾಗೆ.

ಅಡಿಕೆಯ ಜಾತಿಗೆ ಮಾತ್ರ ಯೋಚನೆಯನ್ನೇ ಮಾಡದೆ ಈನಮ್ ಮಾಡಿದ್ದೇನೆ, ಅಂದರೆ ಪಟ್ಟಿಯಲ್ಲಿರುವ ಹೆಸರನ್ನು ಮಾತ್ರ ಒಪ್ಪುವ ಟೈಪ್. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ. ಮೊದಲು ಸ್ಟ್ರಿಂಗ್ ಇತ್ತು. ‘ಚಾಲಿ’ ಒಂದು, ಹಿಂದೆ ಸ್ಪೇಸ್ ಇರುವ ‘ಚಾಲಿ’ ಇನ್ನೊಂದು, ‘ಚಾಳಿ’ ಮತ್ತೊಂದು. ತಿಂಗಳ ರಿಪೋರ್ಟಿನಲ್ಲಿ ಮೂರು ಜಾತಿ ಚಾಲಿ! ಹಣ್ಣಡಿಕೆ ಒಣಗಿಸಿ ಸುಲಿದರೆ ಚಾಲಿ, ಎಳೆಯದರಲ್ಲೇ ಸುಲಿದು ಬೇಯಿಸಿ ಒಣಗಿಸಿದರೆ ರಾಶಿ. ಮರ ಒಂದೇ, ದರ ಬೇರೆ, ಟೆಂಡರಿನಲ್ಲಿ ಯಾರೂ ಇದನ್ನು ಅದರ ಜೊತೆ ಸೇರಿಸುವುದಿಲ್ಲ. ಪ್ರೋಗ್ರಾಮ್ ಯಾಕೆ ಸೇರಿಸಬೇಕು? ಇದಕ್ಕೂ ಖರ್ಚಿದೆ. ಅಂಗಡಿಯವರು ಹೊಸದೊಂದು ದರ್ಜೆ ಶುರು ಮಾಡಿದರೆ ನಾನು ಕೋಡ್ ಬದಲಿಸಿ ಅಪ್‌ಡೇಟ್ ಕೊಡಬೇಕು. ವರ್ಷಕ್ಕೊಮ್ಮೆ ಬರುವ ಕೆಲಸ, ಪರವಾಗಿಲ್ಲ. ದಿನಕ್ಕೊಂದು ಹೊಸ ದರ್ಜೆ ಬರುವ ಹಾಗಿದ್ದರೆ ಡೇಟಾಬೇಸಿನ ಟೇಬಲ್ಲಿನಲ್ಲಿ ಇಡುತ್ತಿದ್ದೆ.

ಹಣದ ಬಗ್ಗೆ ಚರ್ಚೆಯೇ ಬೇಡ, ಟೈಪ್ ಮಾಡಿ. ಒಳಗೆ ಪೈಸೆಯ ಪೂರ್ಣಾಂಕ ಇಡಿ. ದಶಾಂಶ ಸಂಖ್ಯೆ ಇಡುವ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಇದು ನಿಮಗೂ ಗೊತ್ತಿರುತ್ತದೆ. ಪೈಸೆಯನ್ನು ರೂಪಾಯಿಗೆ ಸರಿಮಾಡುವ ಕೆಲಸ ಒಂದೇ ಕಡೆ ನಡೆಯಲಿ.

ಇನ್ನು ನಿಮ್ಮ ಪಟ್ಟಿ. ಫೋನ್ ನಂಬರ್ ನನ್ನಲ್ಲಿ ಇವತ್ತಿಗೂ ಬರೀ ಸ್ಟ್ರಿಂಗ್. ತಪ್ಪಿದ್ದರೆ ಕರೆ ಹೋಗುವುದಿಲ್ಲ, ಇಲ್ಲವೇ ಬೇರೆ ಯಾರೋ ಎತ್ತುತ್ತಾರೆ, ಗೊತ್ತಾಗುತ್ತದೆ. ಇಮೇಲ್ ಕೂಡ ಹಾಗೇ, ಒಳಗೆ ಬರುವಾಗ ಒಮ್ಮೆ ನೋಡಿದರೆ ಸಾಕು. ಬೆಲೆ ಅಂದರೆ ಹಣವೇ, ಅದನ್ನು ಆಗಲೇ ಹೇಳಿದೆ. ಐಡಿಗಳ ವಿಷಯದಲ್ಲೂ ನಿಮ್ಮ ಸೀನಿಯರ್ ಹೇಳಿದ್ದೇ ಸರಿ. ಗ್ರಾಹಕರ ಐಡಿಯೂ 1, 2, 3, ಆರ್ಡರ್ ಐಡಿಯೂ 1, 2, 3. ಒಂದರ ಬದಲು ಇನ್ನೊಂದು ಕೊಟ್ಟರೆ ಎರರ್ ಬರುವುದಿಲ್ಲ, ಯಾರದೋ ದಾಖಲೆ ಅಚ್ಚುಕಟ್ಟಾಗಿ ತೆರೆದುಕೊಳ್ಳುತ್ತದೆ. ಬೆಲೆಗೂ ಐಡಿಗಳಿಗೂ ನಾಳೆಯೇ ಟೈಪ್ ಮಾಡಿ, ಉಳಿದದ್ದಕ್ಕೆ ಒಂದು ತಿಂಗಳು ಕಾಯೋಣ ಅಂತ ಅವರ ಹತ್ತಿರ ಹೇಳಿ ನೋಡಿ.