ಆಪ್ತಸಲಹೆ ಪ್ರಕರಣ: ಕಾರವಾರದ ಫ್ಲಾಟಿನಲ್ಲಿ ಶಿರಸಿಯ ಜಗಲಿ

(ದಂಪತಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ರಾಯರಿಗೆ 66 ವರ್ಷ, ಅವರ ಹೆಂಡತಿಗೆ (ಇಲ್ಲಿ ಅಕ್ಕ ಅಂತ ಕರೆದಿದ್ದೇನೆ) 61. ಕಾರವಾರದಲ್ಲಿ ಮೂರನೇ ಮಹಡಿಯ ಫ್ಲಾಟು, ಲಿಫ್ಟ್ ಇಲ್ಲ. ಅಕ್ಕನಿಗೆ ಮಂಡಿನೋವು. ಇದನ್ನು ಮಾರಿ ಧಾರವಾಡದಲ್ಲಿ ಮಗಳ ಮನೆ ಹತ್ತಿರ ಹೋಗೋಣ ಅಂತ ಇಬ್ಬರೂ ಒಪ್ಪಿದ್ದಾರೆ. ಆದರೆ ಎಂಟು ತಿಂಗಳಾದರೂ ಗಿರಾಕಿ ಕುದುರಿಲ್ಲ. ಬೆಲೆಯ ಮಾತು ಬಂದರೆ ಸಾಕು, ಮನೆಯಲ್ಲಿ ಎರಡು ದಿನ ಮಾತು ನಿಲ್ಲುತ್ತದೆ. ನನ್ನ ಬಳಿ ಬಂದದ್ದು ಅದಕ್ಕೇ.

ರಾಯರು ಕೇಳುತ್ತಿದ್ದದ್ದು 62 ಲಕ್ಷ. ಅದೇ ಕಟ್ಟಡದಲ್ಲಿ ಅಷ್ಟೇ ಅಳತೆಯ ಫ್ಲಾಟುಗಳು ಇತ್ತೀಚೆಗೆ 46, 47 ಲಕ್ಷಕ್ಕೆ ಹೋಗಿವೆ. ಅವರು ಬಿಲ್ಲುಗಳ ಫೈಲನ್ನು ಮೇಜಿನ ಮೇಲಿಟ್ಟರು. "47ಕ್ಕೆ ನಾನು ಹಾಕಿದ 11 ಸೇರಿಸಿ. ಉಳಿದ 4 ನನ್ನ ಶ್ರಮಕ್ಕೆ. ತಪ್ಪೇನು?"

ಏನು ಮಾಡಿಸಿದ್ದರು ಅಂತ ಕೇಳಿದೆ. ಶಿರಸಿ ಕಡೆಯ ಹುಟ್ಟುಮನೆ ಹಿಸ್ಸೆಯಲ್ಲಿ ತಮ್ಮನ ಪಾಲಿಗೆ ಹೋಗಿತ್ತು. ತಮ್ಮ ಅದನ್ನು ಕೆಡವಿ ತಾರಸಿ ಮನೆ ಕಟ್ಟಿದ. ಆ ಹಳೇ ಮನೆಯನ್ನು ರಾಯರು ಫ್ಲಾಟಿನೊಳಗೆ ಮತ್ತೆ ಕಟ್ಟಿಸಿಕೊಂಡಿದ್ದರು. ಹಾಲ್ ಮತ್ತು ಎರಡನೇ ಬೆಡ್‌ರೂಮಿನ ನಡುವಿನ ಗೋಡೆ ತೆಗೆಸಿ ಜಗಲಿ. ಹಲಸಿನ ಮರದ ಎರಡು ಕಂಬ. ತೂಗುಮಂಚ. ಒಂದು ಗೋಡೆ ತುಂಬ ಕಾವಿ ಕಲೆಯ ಕೆಂಪು ಚಿತ್ತಾರ. ಕೆಂಪು ಗಾರೆ ನೆಲವನ್ನು ತಿಂಗಳುಗಟ್ಟಲೆ ತಾವೇ ಕೂತು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ್ದಾರೆ. ಫೋನಿನಲ್ಲಿ ಫೋಟೋ ತೋರಿಸಿದರು. ತೂಗುಮಂಚದ ಸರಪಳಿ ನೆಲದಲ್ಲಿ ಕಾಣುತ್ತಿತ್ತು, ಅಷ್ಟು ಹೊಳಪು. ಫೋಟೋವನ್ನು ದೊಡ್ಡದು ಮಾಡುವಾಗ ಅವರ ಬೆರಳು ನಡುಗಿತು.

ಇದು ದುರಾಸೆಯಲ್ಲ. ನಮ್ಮ ಕೈಯಲ್ಲಿರುವ ವಸ್ತುವಿಗೆ ನಾವು ಜಾಸ್ತಿ ಬೆಲೆ ಕಟ್ಟುತ್ತೇವೆ. 1990ರಲ್ಲಿ ಕಾನೆಮನ್, ನೆಟ್ಷ್, ಥೇಲರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಕಾಫಿ ಮಗ್ಗು ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ್ದರ ಸುಮಾರು ಎರಡು ಪಟ್ಟಿತ್ತು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗೆ. ಇಲ್ಲಿರುವುದು ಅಪ್ಪ ಕೂರುತ್ತಿದ್ದ ಜಗಲಿ.

ಅದನ್ನು ನೇರವಾಗಿಯೇ ಹೇಳಿದೆ. "ರಾಯರೇ, ನೀವು ಕೇಳುತ್ತಿರುವುದು ಶಿರಸಿ ಮನೆಯ ಬೆಲೆ. ಕೊಳ್ಳುವವರಿಗೆ ಬೇಕಾಗಿರುವುದು ಕಾರವಾರದ ಮನೆ." ಅವರು ತುಂಬ ಹೊತ್ತು ಸುಮ್ಮನಿದ್ದರು.

ಆಮೇಲೆ ಲೆಕ್ಕಕ್ಕೆ ಕೂತೆವು. ಅವರ ಫ್ಲಾಟು ನೋಡಲು ಬಂದವರಲ್ಲಿ ಹೆಚ್ಚಿನವರು ಕೈಗಾ ಅಣುಸ್ಥಾವರ ಅಥವಾ ನೌಕಾನೆಲೆಯ ಕಡೆ ಕೆಲಸ ಇರುವವರು, ಮಕ್ಕಳಿರುವವರು. ಅವರ ಕಣ್ಣಿಗೆ ಇದು ಒಂದೇ ಬೆಡ್‌ರೂಮಿನ ಮನೆ. ಗೋಡೆ ಕಟ್ಟಿಸುವ ಖರ್ಚನ್ನು ಅವರು ಮನಸ್ಸಿನಲ್ಲೇ ಕಳೆಯುತ್ತಾರೆ, ನಿಜವಾದ ಖರ್ಚಿಗಿಂತ ಜಾಸ್ತಿಯೇ ಕಳೆಯುತ್ತಾರೆ. ಇನ್ನು ಬ್ಯಾಂಕ್. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಮೌಲ್ಯದ ಶೇ 80ರ ಮಿತಿ ಇದೆ. ಬ್ಯಾಂಕಿನ ಮೌಲ್ಯಮಾಪಕರು 47 ಅಂದರೆ ಸಾಲ ಹೆಚ್ಚೆಂದರೆ 37.6 ಲಕ್ಷ. 62ಕ್ಕೆ ಕೊಳ್ಳುವವನು 24.4 ಲಕ್ಷವನ್ನು ಕೈಯಿಂದ ತರಬೇಕು. ಯಾರು ತರುತ್ತಾರೆ?

ನಾನು ಕೊಟ್ಟ ಸಲಹೆ ಇಷ್ಟು. ತೂಗುಮಂಚ, ಕಂಬ ನಿಮ್ಮವು, ಬಿಚ್ಚಿ ಧಾರವಾಡಕ್ಕೆ ಒಯ್ಯಿರಿ. ಗೋಡೆಯನ್ನು ಮಾರುವ ಮೊದಲೇ ಮತ್ತೆ ಕಟ್ಟಿಸಿ. ಅನುಮೋದಿತ ನಕ್ಷೆಗೆ ಮನೆ ಹೊಂದಿದರೆ ಬ್ಯಾಂಕಿನವರ ತಕರಾರೂ ಕಡಿಮೆ. ಹಾಗೆ ಹೊಂದುತ್ತದೆ ಅಂತ ಇಂಜಿನಿಯರ್ ಹತ್ತಿರ ಒಂದು ಪತ್ರ ಮಾಡಿಸಿಕೊಳ್ಳಿ. ಕೆಂಪು ನೆಲ ಇರಲಿ, ಅದನ್ನು ಮೆಚ್ಚುವವರಿದ್ದಾರೆ, ಆದರೆ ಅದಕ್ಕೆ ಬೇರೆ ದುಡ್ಡು ಕೇಳಬೇಡಿ. 11 ಲಕ್ಷದಲ್ಲಿ ಹೊಸ ವೈರಿಂಗ್, ನಲ್ಲಿ ಪೈಪು, ಅಡುಗೆಮನೆಯ ಕೆಲಸಕ್ಕೆ ಹೋದದ್ದು ಸುಮಾರು ಎರಡೂವರೆ. ಬೆಲೆಯಲ್ಲಿ ಒಂದಿಷ್ಟು ವಾಪಸ್ ಬಂದರೆ ಅದರಿಂದ ಮಾತ್ರ. 48.5 ಹೇಳಿ, 47ಕ್ಕೆ ನಿಲ್ಲಿ.

ಫೈಲನ್ನು ಮಾತ್ರ ಎಸೆಯಬೇಡಿ ಅಂದೆ. ಫ್ಲಾಟು ಕೊಂಡು 24 ತಿಂಗಳು ದಾಟಿದೆ, ಹಾಗಾಗಿ ಮಾರಿದ ಲಾಭಕ್ಕೆ ದೀರ್ಘಾವಧಿ ಬಂಡವಾಳ ಲಾಭದ ತೆರಿಗೆ. ಮನೆಗೆ ಕಾಯಂ ಆಗಿ ಸೇರಿದ ಸುಧಾರಣೆಯ ಖರ್ಚನ್ನು ಬಿಲ್ ಇದ್ದರೆ ಲಾಭದಿಂದ ಕಳೆಯಬಹುದು. ಯಾವುದು ಸೇರುತ್ತದೆ ಅಂತ ಆಡಿಟರ್ ಹೇಳಲಿ. ಗಿರಾಕಿ ಒಪ್ಪದ ಆ ಬಿಲ್ಲುಗಳಿಗೆ ಅಲ್ಲಾದರೂ ಒಂದು ಜಾಗ ಇದೆ ಅಂದಾಗ ರಾಯರ ಮುಖ ಸ್ವಲ್ಪ ತಿಳಿಯಾಯಿತು.

ಕಾವಿ ಗೋಡೆಯ ವಿಷಯವನ್ನು ನಾನು ಹೇಳಲಿಲ್ಲ. ಸುಣ್ಣ ಹೊಡೆಸಬೇಕೋ ಬೇಡವೋ ಅವರೇ ತೀರ್ಮಾನಿಸಲಿ ಅಂತ ಬಿಟ್ಟೆ.

ಏಳುವ ಹೊತ್ತಿಗೆ ಅಕ್ಕ ಮೊದಲ ಸಲ ಬಾಯಿ ಬಿಟ್ಟರು. "ಆ ಗೋಡೆ ಒಡೆಸುವಾಗ ನನ್ನ ಕೇಳಲಿಲ್ಲ ಇವರು. ಆ ರೂಮಿನಲ್ಲಿ ನನ್ನ ಹೊಲಿಗೆ ಮಷಿನ್ ಇತ್ತು." ಈಗ ಅದು ಅಡುಗೆಮನೆಯ ಬಾಗಿಲ ಹಿಂದೆ, ಅಕ್ಕಿ ಡಬ್ಬಿಯ ಪಕ್ಕ ಇದೆಯಂತೆ. ರಾಯರು ಹೆಂಡತಿಯ ಮುಖವನ್ನೇ ನೋಡುತ್ತ ಕೂತರು.

ಮುಂದಿನ ವಾರ ಮತ್ತೆ ಬರಲು ಹೇಳಿದ್ದೇನೆ. ಫ್ಲಾಟಿನ ಬೆಲೆಯ ಮಾತಿಗಲ್ಲ, ಆ ಮಷಿನ್ನಿನ ಮಾತಿಗೆ.