ಹಳ್ಳ ಕ್ಲೀನ್ ಆಯ್ತಾ, ಈಗ ಮೇಲ್ಗಡೆ ನಡೀರಿ

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ ಹಾಕಿದ್ದೀವಿ: "ನಾವೊಂದಿಷ್ಟು ಜನ ಸೇರಿ ವರ್ಷಾವರ್ಷ ನಮ್ಮ ಹಳ್ಳದಲ್ಲಿ ಶ್ರಮದಾನ ಮಾಡ್ತೀವಿ. ಮೂಟೆಗಟ್ಲೆ ಕಸ ಎತ್ತುತೀವಿ. ಒಂದು ಮಳೆಗಾಲ ಕಳೆದ್ರೆ ಮತ್ತೆ ಅಷ್ಟೇ ಕಸ. ಬರೋರು ಅದೇ ಹತ್ತು ಜನ. ಫೋಟೋಗೆ ಲೈಕ್ ಬರುತ್ತೆ, ಹಳ್ಳ ಹಾಗೇ ಇರುತ್ತೆ. ಇದನ್ನ ಮುಂದುವರಿಸೋದ್ರಲ್ಲಿ ಏನಾದ್ರೂ ಅರ್ಥ ಇದೆಯಾ?"

ಸಂಪಾದಕರ ಉತ್ತರ:

ಖಂಡಿತ ಇದೆ. ಆದ್ರೆ ಮೂಟೆ ಕಟ್ಟಿದಲ್ಲಿಗೆ ಕೆಲಸ ಮುಗೀತು ಅಂದ್ಕೊಂಡ್ರೆ ಈ ಬೇಸರ ಪ್ರತಿ ವರ್ಷ ಬರುತ್ತೆ. ಹಳ್ಳ ಅನ್ನೋದು ಇಡೀ ಜಲಾನಯನದ ತಗ್ಗು ಜಾಗ, ಗುಡ್ಡದ ನೆತ್ತಿ ಮೇಲೆ, ಹೊಲದ ಬದುವಿನ ಮೇಲೆ, ರಸ್ತೆ ಪಕ್ಕ, ಎಲ್ಲೇ ಮಳೆ ಬಿದ್ರೂ ಹರಿಯೋ ನೀರು ಇಳಿದು ಬರೋದು ಅಲ್ಲಿಗೇ, ಬರ್ತಾ ದಾರೀಲಿ ಸಿಕ್ಕಿದ್ದನ್ನೆಲ್ಲ ಎಳ್ಕೊಂಡು ಬರುತ್ತೆ. ನಿಮ್ಮ ಕೈಗೆ ಸಿಕ್ಕ ಕಸದಲ್ಲಿ ಎಷ್ಟೋ ಭಾಗ ಅಲ್ಲೇ ಎಸೆದದ್ದಲ್ಲ, ಮೇಲಿಂದ ಬಂದದ್ದು. ಹಾಗಾಗಿ ಶ್ರಮದಾನದ ದಿನ ಎತ್ತೋದು ಎಷ್ಟು ಮುಖ್ಯಾನೋ ಎಣಿಸೋದು ಅಷ್ಟೇ ಮುಖ್ಯ ಅಂತ ನನಗನ್ಸುತ್ತೆ.

ಹೌದು, ಎಣಿಸೋದು. ಒಬ್ಬರ ಕೈಗೆ ಪೆನ್ನು, ಹಾಳೆ ಕೊಟ್ಟು ಬಿಡಿ. ಬಾಟಲಿ ಎಷ್ಟು, ಗುಟ್ಕಾ ಚಿಪ್ಸ್ ತರದ ಸಣ್ಣ ಪ್ಯಾಕೆಟ್ ಎಷ್ಟು, ಕೀಟನಾಶಕದ ಡಬ್ಬ ಎಷ್ಟು, ಡೈಪರ್ ಎಷ್ಟು, ಯಾವ ತಿರುವಿನಲ್ಲಿ ಜಾಸ್ತಿ ಸಿಕ್ತು, ಬರ್ಕೊಳ್ಳಿ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಶುರುವಾದ ಸ್ವಚ್ಛತಾ ಅಭಿಯಾನದಲ್ಲಿ ಮೊದಲಿಂದಾನೂ ಸ್ವಯಂಸೇವಕರು ಸಿಕ್ಕಿದ್ದನ್ನ ಬರೆದಿಡ್ತಾ ಬಂದ್ರು, ಇವತ್ತು ಅದು ದೇಶದೇಶಗಳಲ್ಲಿ ನಡೆಯೋ ಕೆಲಸ. ಯುರೋಪಿಯನ್ ಒಕ್ಕೂಟ 2019ರಲ್ಲಿ ಒಂದ್ಸಲ ಬಳಸಿ ಬಿಸಾಡೋ ಪ್ಲಾಸ್ಟಿಕ್ ಮೇಲೆ ಕಾನೂನು ತಂದಾಗ ಯಾವ್ಯಾವ ವಸ್ತು ಹಿಡೀಬೇಕು ಅಂತ ನೋಡಿದ್ದು ಕಡಲತೀರದಲ್ಲಿ ಎಣಿಸಿದ ಕಸದ ಲೆಕ್ಕಾನೇ. "ತುಂಬಾ ಕಸ ಇತ್ತು ಸಾರ್" ಅಂದ್ರೆ ಪಂಚಾಯ್ತಿಯಲ್ಲಿ ಯಾರೂ ತಲೆ ಎತ್ತಿ ನೋಡಲ್ಲ, ಇಷ್ಟು ಡಬ್ಬ ಈ ಸೇತುವೆ ಕೆಳಗೇ ಸಿಕ್ಕಿದೆ ನೋಡಿ ಅಂತ ಹಾಳೆ ಇಟ್ರೆ ಮಾತು ಬೇರೆ ಆಗುತ್ತೆ.

ಲೆಕ್ಕ ಸಿಕ್ಕಿದ್ಮೇಲೆ ಮುಂದಿನ ವಾರ ಕಸ ಎತ್ತೋಕೆ ಹೋಗ್ಬೇಡಿ, ಸುಮ್ನೆ ಹಳ್ಳದ ಜೊತೆ ಮೇಲಕ್ಕೆ ನಡೀರಿ. ಎಲ್ಲಿ ಚರಂಡಿ ಬಂದು ಸೇರುತ್ತೆ, ಎಲ್ಲಿ ದಂಡೆ ಕುಸಿದು ಮಣ್ಣು ನೀರಿಗೆ ಬೀಳ್ತಿದೆ, ಎಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಕಸ ಸುರೀತಾರೆ, ಮೊಬೈಲಲ್ಲಿ ಲೊಕೇಶನ್ ಸಮೇತ ಫೋಟೋ ತಗೊಳ್ಳಿ. ಎಸ್ಟೋನಿಯಾ ಅಂತ ಹದಿಮೂರು ಲಕ್ಷ ಜನ ಇರೋ ಪುಟ್ಟ ದೇಶದಲ್ಲಿ 2008ರ ಮೇ 3ರಂದು ಸುಮಾರು 50,000 ಜನ ಸೇರಿ ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ತೆಗೆದ್ರು, ಎಲ್ಲರೂ ಆ ದಿನದ ಬಗ್ಗೆ ಮಾತಾಡ್ತಾರೆ, ಆದ್ರೆ ಅದು ಸಾಧ್ಯ ಆಗಿದ್ದು ಅದಕ್ಕೂ ಮುಂಚೆ ತಿಂಗಳುಗಟ್ಲೆ ಸ್ವಯಂಸೇವಕರು ಕಾಡುಮೇಡು ಸುತ್ತಿ ಕಸದ ಗುಡ್ಡೆ ಎಲ್ಲೆಲ್ಲಿದೆ ಅಂತ ಮ್ಯಾಪ್ ಮಾಡಿದ್ರಿಂದ.

ಇನ್ನೊಂದು ವಿಷಯ, ಇದನ್ನ ಸ್ವಲ್ಪ ಖಡಕ್ ಆಗೇ ಹೇಳ್ತೀನಿ. ಕ್ಲೀನ್ ಅಂದ್ರೆ ಬೋಳು ಅಲ್ಲ. ಎಷ್ಟೋ ಕಡೆ ಉತ್ಸಾಹದಲ್ಲಿ ದಂಡೆ ಮೇಲಿನ ಹುಲ್ಲು ಪೊದೆ ಎಲ್ಲ ಸವರಿ, ನೀರಲ್ಲಿ ಬಿದ್ದ ಮರದ ಕೊಂಬೆ, ಎಲೆ ಎಲ್ಲ ಎಳೆದು ಹಾಕಿಬಿಡ್ತಾರೆ, ನೋಡೋಕೆ ನೀಟಾಗಿರುತ್ತೆ ನಿಜ, ಆದ್ರೆ ಆ ಬೇರುಗಳೇ ಮಣ್ಣನ್ನ ಹಿಡ್ಕೊಂಡಿದ್ದು, ಆ ಕೊಂಬೆಗಳೇ ನೀರಿನ ರಭಸ ತಗ್ಗಿಸಿ ಮೀನಿಗೆ ಮರೆ ಕೊಟ್ಟಿದ್ದು, ಆ ಎಲೆಗಳನ್ನೇ ಸಣ್ಣ ಹುಳಗಳು ತಿಂದು ಬದುಕೋದು. ಪ್ಲಾಸ್ಟಿಕ್, ಗಾಜು, ಟೈರು, ಬಟ್ಟೆ ತೆಗೀರಿ. ಸೇತುವೆ ಮೋರಿ ಕಟ್ಕೊಂಡಿದ್ರೆ ಅದನ್ನೂ ಬಿಡಿಸಿ. ಉಳಿದದ್ದು ಹಳ್ಳದ್ದೇ, ಅಲ್ಲೇ ಇರ್ಲಿ. ಹಾಗೇ ಸಂಜೆ ಹೊತ್ತಿಗೆ ಗಾಡಿ ಬರ್ಲಿಲ್ಲ ಅಂತ ದಂಡೆ ಮೇಲೇ ಕಸಕ್ಕೆ ಬೆಂಕಿ ಇಡೋದು ಬೇಡವೇ ಬೇಡ, ವಿಷದ ಹೊಗೆ ನಿಮ್ಮ ಮಕ್ಕಳ ಎದೆಗೆ ಹೋಗುತ್ತೆ, ಬೂದಿ ಮೊದಲ ಮಳೆಗೇ ನೀರಿಗಿಳಿಯುತ್ತೆ. ಕಸ ಎಲ್ಲಿಗೆ ಹೋಗುತ್ತೆ, ಯಾರು ಒಯ್ತಾರೆ ಅನ್ನೋದು ಪಕ್ಕಾ ಆದ್ಮೇಲೇನೇ ಡೇಟ್ ಫಿಕ್ಸ್ ಮಾಡಿ. ಡೇಟ್ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಇರ್ಲಿ, ಯಾಕಂದ್ರೆ ತಿಂಗಳುಗಟ್ಲೆ ನೆಲದ ಮೇಲೆ ಕೂತ ಕೊಳೆನ ಮೊದಲ ಜೋರು ಮಳೆನೇ ಹೆಚ್ಚಾಗಿ ತೊಳ್ಕೊಂಡು ಬರೋದು, ಅಷ್ಟರೊಳಗೆ ಎತ್ತಿದ ಒಂದು ಬಾಟಲಿ ಮುಂದೆ ಬಿಸಿಲಿಗೆ ಪುಡಿಯಾಗಿ ಲೆಕ್ಕ ಸಿಗದಷ್ಟು ಚೂರಾಗೋದು ತಪ್ಪುತ್ತೆ. ಕೀಟನಾಶಕದ ಡಬ್ಬ, ಸಿರಿಂಜ್ ಮಕ್ಕಳು ಮುಟ್ಟಬಾರದು, ದೊಡ್ಡವರೂ ದಪ್ಪ ಗ್ಲೌಸ್ ಹಾಕ್ಕೊಂಡೇ ಮುಟ್ಟಲಿ, ಕಾಲಲ್ಲಿ ಗಾಯ ಇದ್ದೋರು ನೀರಿಗೆ ಇಳೀಬೇಡಿ, ಇಲಿ ಮೂತ್ರ ಸೇರಿದ ನೀರಿಂದ ಇಲಿಜ್ವರ ಬರುತ್ತೆ.

ಕಣ್ಣಿಗೆ ಕಾಣೋ ಕಸಕ್ಕಿಂತ ಕಾಣದೇ ಇರೋದೇ ನನಗೆ ಹೆಚ್ಚು ಚಿಂತೆ. ಹೊಲಕ್ಕೆ ಹಾಕಿದ ಗೊಬ್ಬರದ ಸಾರಜನಕ, ರಂಜಕ ಮಳೆ ನೀರಲ್ಲಿ ಕೊಚ್ಚಿ ಬಂದ್ರೆ ಪಾಚಿ ಬೆಳೆಯುತ್ತೆ, ಪಾಚಿ ಸತ್ತು ಕೊಳೆಯೋವಾಗ ನೀರಿನ ಆಮ್ಲಜನಕ ತಿಂದುಬಿಡುತ್ತೆ, ಮೀನು ಸಾಯುತ್ತೆ. ಇದನ್ನ ಮೂಟೆಯಲ್ಲಿ ತುಂಬೋಕಾಗಲ್ಲ. ಆದ್ರೆ ನೋಡೋಕಾಗುತ್ತೆ. ನೀರಲ್ಲಿರೋ ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿ, ಅದಕ್ಕೆ ಅಂಟ್ಕೊಂಡು ಮೇಫ್ಲೈ, ಸ್ಟೋನ್‌ಫ್ಲೈ ಅನ್ನೋ ಕೀಟಗಳ ಮರಿಗಳಿದ್ರೆ ನೀರಲ್ಲಿ ಆಮ್ಲಜನಕ ಚೆನ್ನಾಗಿದೆ ಅಂತ ಲೆಕ್ಕ, ಬರೀ ಕೆಂಪು ಹುಳ ಇದ್ರೆ ಮೇಲೆಲ್ಲೋ ಕೊಳಚೆ ಸೇರ್ತಿರಬಹುದು. ನೋಡಿ ಆದ್ಮೇಲೆ ಕಲ್ಲು ಇದ್ದಹಾಗೇ ಇಡಿ. ಶಾಲೆ ಮಕ್ಕಳಿಗೆ ಇದೊಂದು ಕೆಲಸ ಕೊಡಿ, ಕಸ ಎತ್ತೋದಕ್ಕಿಂತ ಹತ್ತು ಪಾಲು ಖುಷಿಯಿಂದ ಮಾಡ್ತಾರೆ, ಮನೆಗೆ ಹೋಗಿ ಅಪ್ಪ ಅಮ್ಮಂಗೂ ಹೇಳ್ತಾರೆ.

ಇನ್ನು ಅದೇ ಹತ್ತು ಜನ ಅನ್ನೋ ಮಾತು. ಬರೀ ಕಸ ಎತ್ತೋಕೆ ಕರೆದ್ರೆ ಬರೋರು ಅಷ್ಟೇ. ಹಳ್ಳದ ದಂಡೆ ಮೇಲೆ ಒಂದು ಸಂಜೆ ಹಾಡು ಇಡಿ, ಹಕ್ಕಿ ನೋಡೋ ನಡಿಗೆ ಇಡಿ, ಹಿರಿಯರನ್ನ ಕೂರಿಸಿ ಮೊದಲು ನೀರು ಎಲ್ಲಿತನಕ ನಿಲ್ತಿತ್ತು ಅಂತ ಮಾತಾಡ್ಸಿ. ಮುಖ್ಯವಾಗಿ ಮೇಲ್ಗಡೆ ಹೊಲದವ್ರನ್ನ ಕರೀರಿ, ಆರೋಪಿಗಳ ತರ ಅಲ್ಲ, ಜೊತೆಗಾರರ ತರ. ನ್ಯೂಯಾರ್ಕ್ ನಗರ 1997ರಲ್ಲಿ ಮಾಡಿದ ಒಪ್ಪಂದ ನನಗೆ ಯಾವಾಗ್ಲೂ ನೆನಪಾಗುತ್ತೆ, ಕುಡಿಯೋ ನೀರಿಗೆ ಕೋಟಿಗಟ್ಲೆ ಡಾಲರ್ ಸುರಿದು ದೊಡ್ಡ ಫಿಲ್ಟರ್ ಘಟಕ ಕಟ್ಟೋ ಬದಲು, ನೀರು ಹುಟ್ಟೋ ಕ್ಯಾಟ್ಸ್‌ಕಿಲ್ ಬೆಟ್ಟದ ಹಳ್ಳಿಗಳ ಜೊತೆ ಕೂತು ಮಾತಾಡಿ, ಸಗಣಿ ಗೊಬ್ಬರ ತೊರೆಗೆ ಸೇರದ ಹಾಗೆ ನೋಡ್ಕೊಳ್ಳೋಕೆ, ಶೌಚಗುಂಡಿ ರಿಪೇರಿ ಮಾಡೋಕೆ ದುಡ್ಡು ಕೊಟ್ರು. ಮೇಲಿನವ್ರು ಒಪ್ಪಿ ಕೈಜೋಡಿಸಿದ್ರಿಂದ ಕೆಳಗಿನವ್ರಿಗೆ ಒಳ್ಳೆ ನೀರು. ನಿಮ್ಮಲ್ಲಿ ಅಷ್ಟು ದುಡ್ಡು ಇರಲ್ಲ, ಬೇಕಾಗೂ ಇಲ್ಲ. ಹಳ್ಳದ ಅಂಚಲ್ಲಿ ಕೆಲವು ಮೀಟರ್ ಉಳುಮೆ ಬಿಟ್ಟು ಹುಲ್ಲು, ಮರ ಬೆಳೆಯೋಕೆ ಬಿಡಿ ಅಂತ ಕೇಳೋದು, ಸಸಿ ನೀವೇ ತಂದು ನೆಟ್ಟು ಕೊಡೋದು, ಕೀಟನಾಶಕದ ಡಬ್ಬ ಮೂರು ಸಲ ತೊಳೆದು ಆ ನೀರನ್ನ ಸ್ಪ್ರೇ ಟ್ಯಾಂಕಿಗೇ ಹಾಕಿ ಅಂತ ತೋರಿಸೋದು, ಖಾಲಿ ಡಬ್ಬಕ್ಕೆ ಒಂದು ಕಲೆಕ್ಷನ್ ಜಾಗ ಮಾಡೋದು. ಎಸೆಯೋಕೆ ಬೇರೆ ಜಾಗಾನೇ ಇಲ್ಲದೋರಿಗೆ ಎಸೀಬೇಡಿ ಅನ್ನೋ ಬೋರ್ಡ್ ಹಾಕಿ ಏನೂ ಪ್ರಯೋಜನ ಇಲ್ಲ.

ಮುಂದಿನ ಸಂಚಿಕೇಲಿ ಎಣಿಕೆ ಹಾಳೆಯ ಒಂದು ಮಾದರಿ ಪ್ರಿಂಟ್ ಮಾಡ್ತೀವಿ, ಜೆರಾಕ್ಸ್ ತೆಗೆಸಿ ಬಳಸ್ಕೊಳ್ಳಿ. ತುಂಬಿದ ಹಾಳೆ ನಮಗೂ ಒಂದು ಕಳ್ಸಿ, ಬೇರೆ ಊರಿನವ್ರ ಹಾಳೆ ಜೊತೆ ಪಕ್ಕಪಕ್ಕ ಇಟ್ಟು ಹಾಕ್ತೀವಿ.