ಲೀಗ್ ಕ್ರಿಕೆಟ್ ಆಡಿದವನು ಕ್ಲಬ್ಬಿನ ಕಾರ್ಯದರ್ಶಿಯಾಗಬಹುದೇ?

ಕುಂಬ್ಳೆ, ಬಿನ್ನಿ ಮಾಡಿ ತೋರಿಸಿದ್ದಾರೆ, ಆಟದ ಕಷ್ಟ ಆಡಿದವನಿಗೇ ಗೊತ್ತು, ಹಾಗಾಗಿ ಕ್ಲಬ್ಬಿನ ಚುನಾವಣೆಗೆ ನಿಲ್ಲಲೇ ಅಥವಾ ಕೋಚಿಂಗ್ ಹಿಡಿಯಲೇ ಎಂದು ಕೇಳಿದ್ದೀರಿ. ಇದೇ ಮಾತನ್ನು ನನಗೆ ನಾನೇ ಹೇಳಿಕೊಂಡು ಕೆಟ್ಟವನು ನಾನು.

2010ರ ನವೆಂಬರ್‌ನಲ್ಲಿ ಅನಿಲ್ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿ ಗೆದ್ದಾಗ ನಮ್ಮ ಹುಡುಗರು ತಾವೇ ಗೆದ್ದಂತೆ ಕುಣಿದಿದ್ದರು. ಮರುವರ್ಷ ನಾನು ನಮ್ಮ ಕ್ಲಬ್ಬಿನ ಕಾರ್ಯದರ್ಶಿಯಾದೆ. ಹನ್ನೊಂದು ವರ್ಷ ಹೊಸ ಚೆಂಡು ಹಿಡಿದದ್ದಷ್ಟೇ ನನ್ನ ಅರ್ಹತೆ.

ಕೆಟ್ಟದ್ದು ಒಂದು ಮ್ಯಾಟ್‌ನಿಂದ, ಅಂದರೆ ಪಿಚ್ ಮೇಲೆ ಹಾಸುವ ಚಾಪೆಯಿಂದ. ನಮ್ಮದು ಚೆಂಡು ಹೆಚ್ಚಾಗಿ ಪುಟಿಯುವ ಗುಡ್‌ಲೆಂತ್ ಜಾಗದಲ್ಲೇ ಹರಿದು ನಾರು ಎದ್ದಿತ್ತು. ಚೆಂಡು ಒಮ್ಮೆ ಮೂಗಿಗೆ, ಒಮ್ಮೆ ಪಾದಕ್ಕೆ. ಮುಚ್ಚುತ್ತಿದ್ದ ಕ್ಲಬ್ಬೊಂದರ ತೆಂಗಿನ ನಾರಿನ ಮ್ಯಾಟ್ ಮಾರಾಟಕ್ಕಿದೆ ಎಂದು ಶುಕ್ರವಾರ ರಾತ್ರಿ ತಿಳಿಯಿತು. ಭಾನುವಾರ ಪಂದ್ಯ. ಶನಿವಾರ ಬೆಳಿಗ್ಗೆ 22,000 ರೂಪಾಯಿ ನಗದು ಎಣಿಸಿ ಕೊಟ್ಟು, ಲಗೇಜ್ ಆಟೋದಲ್ಲಿ ತಂದು, ಹಾಸಿ ಮೊಳೆ ಹೊಡೆಸಿದೆ. ಮಾರಿದವರು ಮೊತ್ತವನ್ನು ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಗೀಚಿ ಕೊಟ್ಟಿದ್ದರು. ಸಹಿ ಇರಲಿಲ್ಲ.

ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುತ್ತೀರಿ. ಸಮಿತಿಯ ನಿರ್ಣಯವಿರಲಿಲ್ಲ. ಬೇರೆ ಕಡೆ ದರ ವಿಚಾರಿಸಿರಲಿಲ್ಲ. ಚೆಕ್ಕಿಗೆ ಖಜಾಂಚಿಯ ಸಹಿಯೂ ಬೇಕಿತ್ತು, ಅವರು ಊರಲ್ಲಿರಲಿಲ್ಲ, ಅದಕ್ಕೇ ನಗದು. ಯಾರಿಗೆ, ಯಾತಕ್ಕೆ, ಎಷ್ಟು ಕೊಟ್ಟೆ ಎಂದು ದಾಖಲಿಸುವ ವೋಚರ್ ಬರೆಯಲಿಲ್ಲ. ದಾಸ್ತಾನು ಪುಸ್ತಕದಲ್ಲಿ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಸೇರಿಸಲಿಲ್ಲ. ಮೈದಾನದಲ್ಲಿ ನಾಯಕ ಸ್ಲಿಪ್‌ನಲ್ಲಿ ನಿಂತವನನ್ನು ಕವರ್‌ಗೆ ಕಳಿಸುವಾಗ ಯಾರನ್ನೂ ಕೇಳುವುದಿಲ್ಲವಲ್ಲ, ಆ ಚಾಳಿಯನ್ನೇ ಕಚೇರಿಗೆ ಹೊತ್ತು ತಂದಿದ್ದೆ.

ವಾರ್ಷಿಕ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕನ್ನಡಕ ಏರಿಸಿ, “ವೋಚರ್ ಸಂಖ್ಯೆ ಎಷ್ಟಪ್ಪಾ?” ಎಂದರು. “ಮ್ಯಾಟ್ ಹಾಸಿದೆಯಲ್ಲ ಸಾರ್, ಹೋಗಿ ನೋಡಿ” ಎಂದೆ. ಮ್ಯಾಟ್ ಎಲ್ಲರಿಗೂ ಕಾಣುತ್ತಿತ್ತು. ಕೊಟ್ಟದ್ದು ಇಪ್ಪತ್ತೆರಡೋ ಹನ್ನೆರಡೋ ಎಂಬುದು ಯಾರಿಗೆ ಕಾಣಬೇಕು? ಲೆಕ್ಕಪರಿಶೋಧಕರು ಸಹಿ ಹಾಕಲಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಪ್ರತಿವರ್ಷ ನೋಂದಣಾಧಿಕಾರಿಗೆ ಸಲ್ಲಿಸಬೇಕಾದ ಲೆಕ್ಕಪತ್ರ ಅಲ್ಲಿಗೇ ನಿಂತಿತು. ಅಷ್ಟೂ ಹಣವನ್ನು ಕೈಯಿಂದ ಕಟ್ಟಿ ರಾಜೀನಾಮೆ ಕೊಟ್ಟೆ. ಇನ್ನೊಂದು ತುದಿಯಿಂದ ನನ್ನ ಜೊತೆ ಬೌಲ್ ಮಾಡುತ್ತಿದ್ದವನೇ ‘ತಿಂದಿದ್ದಾನೆ’ ಎಂದನಂತೆ.

ಆದ್ದರಿಂದ ‘ಆಡಿದವನಿಗೇ ಗೊತ್ತು’ ಎಂಬುದನ್ನು ನಾನು ಒಪ್ಪುವುದಿಲ್ಲ. 619 ಟೆಸ್ಟ್ ವಿಕೆಟ್‌ಗಳು ಮತ ತಂದುಕೊಟ್ಟಾವು, ವೋಚರ್ ಬರೆದುಕೊಡುವುದಿಲ್ಲ. ಆ ಕುಂಬ್ಳೆಯವರೂ ಮೂರು ವರ್ಷದ ಒಂದೇ ಅವಧಿ ಮುಗಿಸಿ 2013ರಲ್ಲಿ ಮತ್ತೆ ಸ್ಪರ್ಧಿಸಲಿಲ್ಲ. ಇನ್ನು ರೋಜರ್ ಬಿನ್ನಿ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು ನೇರವಾಗಿ ಕುರ್ಚಿಗೆ ಹಾರಿದವರಲ್ಲ. 2000ದಲ್ಲಿ ವಿಶ್ವಕಪ್ ಗೆದ್ದ 19 ವರ್ಷದೊಳಗಿನವರ ತಂಡಕ್ಕೆ ಕೋಚ್ ಆದರು, ಆಮೇಲೆ ರಾಷ್ಟ್ರೀಯ ಆಯ್ಕೆಗಾರರಾದರು, 2019ರಲ್ಲಿ ರಾಜ್ಯ ಸಂಸ್ಥೆಯ ಅಧ್ಯಕ್ಷರಾದರು. ಬಿಸಿಸಿಐ ಅಧ್ಯಕ್ಷ ಪದವಿ ಬಂದದ್ದು 2022ರಲ್ಲಿ. ನಡುವಿನ 39 ವರ್ಷ ನಿಮ್ಮಂಥವರ ಕಣ್ಣಿಗೆ ಬೀಳುವುದೇ ಇಲ್ಲ, ನನಗೂ ಬಿದ್ದಿರಲಿಲ್ಲ.

ಈ ವರ್ಷವಂತೂ ನಿಲ್ಲಬೇಡಿ. ಜಂಟಿ ಕಾರ್ಯದರ್ಶಿಯಾಗಿ ಒಂದು ವರ್ಷ ಸಭಾ ನಡವಳಿ ಬರೆಯಿರಿ, ಬೇಸರವಾದರೂ ಬರೆಯಿರಿ. ಅದಕ್ಕೂ ಮೊದಲು ಕ್ಲಬ್ಬಿನ ಕಳೆದ ವರ್ಷದ ಲೆಕ್ಕಪರಿಶೋಧನಾ ವರದಿಯನ್ನು ಕೇಳಿ ತರಿಸಿಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಕೋಚಿಂಗ್‌ಗೇ ಹೋಗಿ.